ಮಾಮಾ ತಜ್ಞರನ್ನು ಆರಿಸಿದ್ದು

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ತಾಲ್ಲೂಕಿನಲ್ಲಿ ನಮ್ಮ ಸೋದರಮಾವನ ಕಣ್ಣು ತಪ್ಪಿಸಿ ಒಂದು ಮೊಲವೂ ಓಡಾಡಲಾರದು. ಹೀಗೆಂದವರು ಯಾರು ಅಂತೀರಿ? ಸ್ವತಃ ನಮ್ಮ ಮಾಮಾ! ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದೊಳಗೆ ಪಾಳಿ ಮಾಡಿ, ನಿವೃತ್ತನಾಗಿ ಪಾಮನಕಲ್ಲೂರಿಗೆ ಬಂದು ಕೂತವನು. "ಕತ್ತಲದಾಗ ಕಲ್ಲೊಳಗಿನ ಬಂಗಾರ ನೋಡಿದ ಕಣ್ಣಲೇ ಇವು. ಹಗಲಾಗ ಚಿಗರಿ ಕಾಣಂಗಿಲ್ಲೇನು?" ಎನ್ನುತ್ತಾನೆ. ಸಿಂಧನೂರಿನ ಕಣ್ಣಿನ ಡಾಕ್ಟರು ಬೇರೆಯೇ ಹೇಳಿದ್ದರು. ಕಣ್ಣಿನ ನರ ಒಣಗುತ್ತಿದೆ, ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಬೇಕು ಎಂದು. ಹೊರಗೆ ಬಂದ ಮಾಮಾ ನನ್ನ ಕಿವಿಯಲ್ಲಿ, "ಪಾಪ, ಡಾಕ್ಟರಗ ಸರಿ ಕಾಣಂಗಿಲ್ಲ ಅನಸತೈತಿ" ಎಂದ.

ಅವತ್ತು ಬೈಕಿನಲ್ಲಿ ಅವನನ್ನು ಹಿಂದೆ ಕೂರಿಸಿಕೊಂಡು ವಳಕಮದಿನ್ನಿಯ ಗೆಳೆಯನೊಬ್ಬನ ಮನೆಗೆ ಹೋಗಿದ್ದೆ. ದಾರಿಯ ಪಕ್ಕದ ಭತ್ತದ ಗದ್ದೆಯಲ್ಲಿ ಅಂಗಿ ತೊಟ್ಟು ನಿಂತವರೊಬ್ಬರಿಗೆ ಮಾಮಾ ಕೈಯೆತ್ತಿ ನಮಸ್ಕಾರ ಹೇಳಿದ. ಉತ್ತರ ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದ. ಆಗಲೂ ಇಲ್ಲ. "ನೋಡಿದೇನಲೇ ಅಳಿಯಾ, ಕಾಲುವಿ ನೀರು ಬಂದಿದ್ದ ತಡ, ಈ ಮಂದಿಗೆ ಸೊಕ್ಕು ಬಂದುಬಿಟ್ಟೈತಿ" ಎಂದು ಬಯ್ಯುತ್ತ ಬಂದ. ಅದು ಹಕ್ಕಿ ಓಡಿಸಲು ನಿಲ್ಲಿಸಿದ ಬೆದರುಗೊಂಬೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ನನ್ನ ಕಣ್ಣಿಗೂ ಡಾಕ್ಟರ ಕಣ್ಣಿನ ಗತಿಯೇ ಆಗುತ್ತಿತ್ತು. ದಾರಿಯುದ್ದಕ್ಕೂ ಮನುಷ್ಯರೆಂದುಕೊಂಡು ಅವನು ಕೈಮುಗಿಯುವ ಮೈಲುಗಲ್ಲುಗಳ ವಿಷಯದಲ್ಲೂ ನನ್ನದು ಇದೇ ಮೌನ.

ಇಂಥ ಮಾಮಾನನ್ನು ನಮ್ಮೂರು ತಜ್ಞರ ಆಯ್ಕೆಗೆ ಕೂರಿಸಿತು. ಊರ ಹಿಂದಿನ ಗುಡ್ಡ, ಅದರ ಕೆಳಗಿನ ಕುರುಚಲು ಕಾಡು, ಅಲ್ಲಿನ ಚಿಗರಿ ಎಂಬ ಕೃಷ್ಣಮೃಗ, ತೋಳ, ಕರಡಿಗಳನ್ನು ಊರವರ ಜೊತೆ ಸೇರಿ ಕಾಪಾಡಬೇಕೆಂದು ಒಂದು ಸಂಸ್ಥೆ ಬಂದಿತ್ತು. ಅದು ಕರೆದ ಹುದ್ದೆಯ ಹೆಸರು, ಉಸಿರು ಬಿಗಿಹಿಡಿದು ಓದಿ, "ಸಮುದಾಯ ಆಧಾರಿತ ಜೀವವೈವಿಧ್ಯ ಸಂರಕ್ಷಣೆ ಮತ್ತು ಸಂರಕ್ಷಿತ ಪ್ರದೇಶ ನಿರ್ವಹಣಾ ತಜ್ಞರು." ಮಾಮಾ ಕೇಳಿ, "ಈ ಹೆಸರು ಹೊತ್ಕೊಂಡು ಗುಡ್ಡ ಹತ್ತೋದು ಒಬ್ಬರ ಕೈಲೆ ಆಗೋ ಕೆಲಸ ಅಲ್ಲ" ಎಂದ.

ಮೊದಲು ಬಂದಿದ್ದ ತಜ್ಞರು ಯಾರನ್ನೂ ಕೇಳದೆ ಕುರಿ ಹೋಗುವ ದಾರಿಗೆ ತಂತಿ ಬೇಲಿ ಹಾಕಿ, 'ಪ್ರವೇಶ ನಿಷೇಧ' ಎಂದು ತಗಡಿನ ಫಲಕ ನಿಲ್ಲಿಸಿದ್ದರು. ಕುರಿಯವರು ಫಲಕ ಕಿತ್ತು ಕುರಿಹಟ್ಟಿಗೆ ಬಾಗಿಲು ಮಾಡಿಕೊಂಡರು. ಈಗಲೂ ನಮ್ಮೂರ ಕುರಿಗಳು ಪ್ರವೇಶ ನಿಷೇಧವಿರುವಲ್ಲಿಯೇ ದಿನಾ ಪ್ರವೇಶ ಮಾಡುತ್ತವೆ. ತಜ್ಞರು ಬ್ಯಾಗು ಕಟ್ಟಿಕೊಂಡು ಹೋದರು. ಸಂಸ್ಥೆಯ ಮುಖ್ಯಸ್ಥೆ ಬಂದು, "ಈ ಸಲ ನೀವೇ ಆರಿಸ್ರಿ. ಈ ಸಲವೂ ಕೆಟ್ಟರೆ ನಾವು ಹೊರಡ್ತೀವಿ" ಎಂದರು. ಅವರು ಹೊರಟರೆ ಗುಡ್ಡಕ್ಕೆ ಯಾರು ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಕಲ್ಲು ಒಡೆಯುವ ಯಂತ್ರದವರು ಆಗಲೇ ಎರಡು ಸಲ ಬಂದು ನೋಡಿಹೋಗಿದ್ದರು. ಆಗ ಊರಿನವರು, ಇಡೀ ಊರಲ್ಲಿ ಯಾರಿಗೂ ಹೆದರದೆ ಮಾತಾಡುವವನೆಂದು ಮಾಮಾನ ಹೆಸರು ಹೇಳಿದರು. ಕಣ್ಣಿನ ಮಾತು ಯಾರೂ ಎತ್ತಲಿಲ್ಲ. ಎತ್ತಿ ಅವನೊಡನೆ ಜಗಳ ಕಾಯುವವರಾರು?

ಸಂದರ್ಶನ ಗುಡ್ಡದ ಮೇಲೆಯೇ ಆಗಬೇಕೆಂದು ಮಾಮಾ ಹಟ ಹಿಡಿದ. ಮುಖ್ಯಸ್ಥೆ, ಕುರಿಯವರು, ನಾನು ಸುತ್ತ ಕೂತೆವು. ಒಬ್ಬೊಬ್ಬರನ್ನೇ ಬಂಡೆಯ ಮೇಲೆ ಕೂರಿಸಿ ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ: "ಏನ್ ಕಾಣತೈತಿ ಹೇಳ್ರಿ."

ಮೊದಲು ಬಂದವರು ದೊಡ್ಡ ಪದವಿಯವರು. ಕುತ್ತಿಗೆಯಲ್ಲಿ ದುರ್ಬೀನು. ಕಂಡ ಹಕ್ಕಿಗೂ ಹುಲ್ಲಿಗೂ ಶಾಸ್ತ್ರೀಯ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರು. ಮಾಮಾ ನನ್ನ ಕಡೆ ವಾಲಿ, "ಇವರು ಹಕ್ಕಿಗೆ ಬೈದರೋ, ಹೊಗಳಿದರೋ?" ಎಂದು ಕೇಳಿದ. ಮುಖ್ಯಸ್ಥೆ ಮಾಮಾಗೂ ಒಂದು ದುರ್ಬೀನು ಕೊಡಲು ಹೋದರು. "ಬ್ಯಾಡ್ರಿ ಮೇಡಂ, ಅದು ಕಣ್ಣಿಲ್ಲದವರಿಗೆ" ಎಂದ.

ಎರಡನೆಯವನು ನಯವಿನಯದ ಯುವಕ. ಮಾಮಾ ಎದುರಿನ ಇಳಿಜಾರಿಗೆ ಬೆರಳು ಮಾಡಿ, "ಅಗಾ ಅಲ್ಲಿ, ಕರಡಿ ಮಲಗೇತಿ, ಕಂಡಿತೇನು?" ಎಂದ. ಅಲ್ಲಿದ್ದದ್ದು ಕರಿಬಂಡೆ. ನಾವು ಹುಟ್ಟಿದಾಗಿನಿಂದ ಅಲ್ಲಿಯೇ ಇರುವ ಬಂಡೆ. ಯುವಕ ಸ್ವಲ್ಪವೂ ಅಳುಕದೆ, "ಕಂಡ್ತು ಸರ್. ಹೆಣ್ಣು ಕರಡಿ" ಎಂದ. ಕುರಿ ದಾರಿ ಮುಚ್ಚುತ್ತೀರಾ ಎಂದು ಕುರಿಯವರು ಕೇಳಿದರೆ, "ನೀವು ಹ್ಯಾಂಗ ಅಂತೀರಿ ಹಂಗ" ಎಂದ. ಮುಖ್ಯಸ್ಥೆ ತಲೆ ತಗ್ಗಿಸಿಕೊಂಡರು. ಮಾಮಾ ಮಾತ್ರ ಹಿಗ್ಗಿಹೋದ. "ಇದಪಾ ಕಣ್ಣಂದ್ರ. ನನ್ನಂಗ ನೋಡತಾನ ಇವ. ಇವನ್ನ ಇಟ್ಕೋರಿ" ಎಂದು ತೀರ್ಪೇ ಕೊಟ್ಟುಬಿಟ್ಟ. ಇವನು ನಾಳೆ ಕಲ್ಲು ಒಡೆಯುವವರ ಮುಂದೆಯೂ ಹೌದು ಸರ್ ಅನ್ನುವುದಿಲ್ಲವೇ? ಇನ್ನೊಬ್ಬರು ಬಾಕಿ ಇದ್ದಾರೆ ಎಂದು ಮಾಮಾನನ್ನು ಹೇಗೋ ಕೂರಿಸಿದೆವು.

ಮೂರನೆಯವಳು ಲಿಂಗಸುಗೂರಿನ ಹುಡುಗಿ. ಓದು ಮುಗಿಸಿ ಬೇರೆ ಕಡೆಯ ಕಾಡುಗಳಲ್ಲಿ ಕೆಲಸ ಮಾಡಿ ಬಂದವಳು. ಕುರಿಯವರು ಅದೇ ಪ್ರಶ್ನೆ ಕೇಳಿದರು. "ತೋಳ ಮರಿ ಹಾಕಿದ್ದಾಗ ಗವಿ ಕಡಿ ಬರಬ್ಯಾಡ್ರಿ ಅಂತ ನಾ ಕೇಳತೀನ್ರಿ. ಅದನ್ನ ಬಿಡಂಗಿಲ್ಲ. ಉಳಿದ ದಾರಿ ಯಾವ್ದು ಬೇಕು ಅನ್ನೋದನ್ನ ನೀವು ಹೇಳ್ರಿ, ಕೂತು ಮಾತಾಡೂಣು" ಎಂದಳು. ಕುರಿಯವರು ಗೊಣಗಿದರು, ಆದರೆ ಎದ್ದು ಹೋಗಲಿಲ್ಲ.

ಮಾಮಾ ಮತ್ತೆ ಬೆರಳು ಎತ್ತಿದ. "ಆ ಕರಡಿ ಈಗ ಏನ್ ಮಾಡಾಕತ್ತೈತಿ?"

ಹುಡುಗಿ ಕರಿಬಂಡೆಯನ್ನು ನೋಡಿದಳು, ಅವನ ಬೆರಳನ್ನು ನೋಡಿದಳು, ಆಮೇಲೆ ಅವನ ಕಣ್ಣುಗಳನ್ನು ನೋಡಿದಳು.

"ಅದು ಕಲ್ಲು ರೀ, ಕಾಕಾ."

ಮಾಮಾನ ಬೆರಳು ಗಾಳಿಯಲ್ಲಿಯೇ ನಿಂತಿತು. ಅಷ್ಟು ಜನರ ಮುಂದೆ ಆ ಮಾತನ್ನು ಯಾರೂ ಅವನಿಗೆ ಹೇಳಿರಲಿಲ್ಲ. ನನಗೆ ಆ ಹುಡುಗಿಯ ಮೇಲೆ ಸಿಟ್ಟೇ ಬಂತು. ಅವಳು ಎದ್ದು ಬಂದು ಅವನ ಪಕ್ಕದಲ್ಲಿ ಕೂತಳು. ದನಿ ತಗ್ಗಿಸಿ, ಅವಸರವಿಲ್ಲದೆ ಹೇಳತೊಡಗಿದಳು.

"ಕಲ್ಲಿನ ಎಡಕ್ಕ ಸೀತಾಫಲದ ಗಿಡ ಐತ್ರಿ. ಎಲಿ ಉದುರ್ಯಾವ. ಅದರ ಕೆಳಗ ಹುಲ್ಲು ಹಳದಿ ಆಗೇತಿ. ಹುಲ್ಲಿನ ಆಚಿ ಎರಿಹೊಲ ಚಾಲೂ ಆಗತೈತಿ. ಅದರ ಅಂಚಿಗೆ ಚಿಗರಿ ನಿಂತಾವ್ರಿ."

ಮಾಮಾ ಬೆರಳು ಇಳಿಸಿ ಆ ಕಡೆ ಮುಖ ಮಾಡಿದ. "ಗಂಡು ಐತೇನವ್ವಾ?"

"ಐತ್ರಿ. ಬೆನ್ನು ಕರ್ರಗ, ಹೊಟ್ಟಿ ಬೆಳ್ಳಗ. ತಲಿ ಎತ್ತಿ ನಮ್ಮ ಕಡಿ ನೋಡಾಕತ್ತೈತಿ."

"ಕೋಡು?"

"ತಿರುವಿಕೊಂಡು ಉದ್ದಕ ಬೆಳದಾವ್ರಿ. ಬಿಸಿಲು ಬಿದ್ದು ಮಿಂಚಾಕತ್ತಾವ."

"ಈಗ?"

"ಈಗ ಹೊಂಟ್ವು ರೀ. ಮೊದಲು ಒಂದು ಮರಿ ಜಿಗೀತು."

ಮಾಮಾ ನಕ್ಕ. ಗಣಿಯಿಂದ ರಜೆಗೆ ಬಂದಾಗಲೆಲ್ಲ ಅವನು ನನ್ನನ್ನು ಹೆಗಲ ಮೇಲೆ ಹೊತ್ತು ನಾವು ಕೂತ ಇದೇ ಬಂಡೆಗೆ ಬರುತ್ತಿದ್ದ. ಮನೆಯಲ್ಲಿ ಊಟ ಆರುತ್ತಿದ್ದರೂ ಇಲ್ಲಿ ಬೆಳಕಿನಲ್ಲಿ ಕೂತು ಚಿಗರಿ ನೋಡುತ್ತಿದ್ದ. ಆಗ ಅವನು ನಕ್ಕಿದ್ದು ಹೀಗೆಯೇ.

"ಮೇಡಂ," ಎಂದ, ಮುಖ್ಯಸ್ಥೆ ಕೂತ ದಿಕ್ಕಿಗಲ್ಲದೆ ಬೇರೆ ದಿಕ್ಕಿಗೆ ತಿರುಗಿ, "ಈಕಿನ್ನ ಇಟ್ಕೋರಿ. ಕಲ್ಲಿಗೆ ಕಲ್ಲು ಅಂತಾಳ." ಸಂದರ್ಶನ ಮುಗಿಯಿತು.

ಸಂಜೆ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಇಳಿದು ರಸ್ತೆಗೆ ಬಂದೆ. ಎದುರಿಗೆ ಮೈಲುಗಲ್ಲು. ಕನ್ನಡಿಯಲ್ಲಿ ನೋಡಿದೆ. ಮಾಮಾನ ಕೈ ನಮಸ್ಕಾರಕ್ಕೆ ಎದ್ದಿತು, ಅರ್ಧಕ್ಕೆ ನಿಂತಿತು.

"ಅಳಿಯಾ, ಅದೂ ಕಲ್ಲೇನಲೇ?"

"ಹೌದು ಮಾಮಾ, ಕಲ್ಲು" ಎಂದೆ.

ಎತ್ತಿದ ಕೈಯನ್ನು ಅವನು ನನ್ನ ಹೆಗಲ ಮೇಲೆ ಇಟ್ಟ. "ಮುಂದೇನು ಬರತೈತಿ, ಹೇಳಿಕೋಂತ ನಡಿ."

ನಾನು ಗಾಡಿ ನಿಧಾನ ಮಾಡಿದೆ. ಬೇವಿನ ಮರ, ಅದರ ಕೆಳಗೆ ಕಟ್ಟಿದ ಆಡು, ನೀರಿನ ಟ್ಯಾಂಕು, ಮನೆಗೆ ತಿರುಗಿದ ಕುರಿಗಳು, ಎಲ್ಲವನ್ನೂ ಒಂದೊಂದಾಗಿ ಹೇಳುತ್ತ ಮನೆಯವರೆಗೂ ಬಂದೆ.