ಖಾಕಿ ಕೋಟಿನ ಭಾನುವಾರ

ಹನ್ನೊಂದರ ಸುಮಾರಿಗೆ ಹಂಚಿನ ಕಾರ್ಖಾನೆಯ ಮಾಲಕರು ಬೆಳಗಾವಿಗೆ ಫೋನು ಹಚ್ಚಲು ಹೇಳಿದರು. ಅವಧೂತ ಆಗಲೇ ಕೈ ತೊಳೆದುಕೊಂಡು, ತಲೆಗೆ ಕೂತ ಕೆಂಪು ಧೂಳು ಝಾಡಿಸಿ, ಟೇಬಲ್ಲಿನ ಪಕ್ಕದಲ್ಲಿ ನಿಂತಿದ್ದ. ಫೋನು ಹಚ್ಚುವುದು ಅವನ ಕೆಲಸವಲ್ಲ. ಅವನು ಭಟ್ಟಿಯ ಸೂಪರ್‌ವೈಜರ್. ಹಸಿ ಹಂಚು ಯಾವಾಗ ಒಳಗೆ ಹೋಗಬೇಕು, ಸುಟ್ಟದ್ದು ಯಾವಾಗ ಹೊರಗೆ ಬರಬೇಕು ಎಂದು ನೋಡುವವನು. ಆದರೂ ದಿನಾ ಆ ಹೊತ್ತಿಗೆ ಅವನಿಗೆ ಆಫೀಸಿನಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. (ಫೋನಿನಲ್ಲಿ ಧೂಳು ಕಾಣುವುದಿಲ್ಲವೆಂದು ಮಾಲಕರು ಒಮ್ಮೆ ನೆನಪು ಮಾಡಿಕೊಟ್ಟಿದ್ದರು.)

"ಬೆಳಗಾವಿ. ನಂಬರ್ ಹೇಳ್ರಿ," ಅಂದಿತು ಆ ಕಡೆಯ ಹೆಣ್ಣುದನಿ.

ಅದು ಅವನ ಹೆಂಡತಿ ಶುಭದಾಳ ದನಿ. ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಅವಧೂತ ನಂಬರ್ ಹೇಳಿದ. 'ಹ್ಯಾಂಗಿದ್ದೀ' ಎಂದು ಕೇಳುವಂತಿರಲಿಲ್ಲ. ಅಲ್ಲಿ ಸಾಲಾಗಿ ಕೂತ ಆಪರೇಟರುಗಳು, ಇಲ್ಲಿ ಮಾಲಕರು. ಲೈನು ಜೋಡಿಸುವ ಮೊದಲು ಒಂದು ವಾಕ್ಯಕ್ಕಾಗುವಷ್ಟು ಸಂದು ಮಾತ್ರ ಸಿಗುತ್ತಿತ್ತು. ಸರಕಾರದ ತಂತಿಯ ಮೇಲೆ ಕದ್ದ ಆ ಒಂದು ವಾಕ್ಯವನ್ನು ಶುಭದಾ ಅಂದೂ ನಾಯಿಗೇ ಖರ್ಚು ಮಾಡಿದಳು.

"ಜಿಮ್ಮಿ ನಿನ್ನೆ ರಾತ್ರಿನೂ ಊಟಾ ಮಾಡಲಿಲ್ಲ."

ಜಿಮ್ಮಿ ಬಿಳಿಯ ಪಾಮೆರೇನಿಯನ್. ಎತ್ತರ ಮೊಣಕಾಲಿಗೂ ಬಾರದು, ಹಟ ಮಾತ್ರ ಮಾಳಿಗೆ ಮುಟ್ಟುವಷ್ಟು. ಖಾನಾಪುರದಲ್ಲಿ ಈ ಕೆಲಸ ಸಿಕ್ಕಾಗ, ಬೆಳಗಾವಿಯ ಟಿಳಕವಾಡಿಯ ಮನೆಯಲ್ಲಿ ಹೆಂಡತಿ ಒಬ್ಬಳೇ ಆಗುತ್ತಾಳೆಂದು, ಕ್ಯಾಂಪಿನಲ್ಲಿದ್ದ ಮಿಲಿಟರಿ ಸಾಹೇಬರ ಮನೆಯಿಂದ ಅವಧೂತನೇ ಅದನ್ನು ಮರಿಯಿದ್ದಾಗ ತಂದುಕೊಟ್ಟಿದ್ದ. ತನ್ನ ಜಾಗದಲ್ಲಿ ಕೂಡಲು ತಾನೇ ಆಳನ್ನು ನೇಮಿಸಿದಂತಾಯಿತು. ಈಗ ಅವನ ಆರಾಮ ಕುರ್ಚಿ ಜಿಮ್ಮಿಯದು. ಭಟ್ಟಿಗೆ ರಜೆಯಿಲ್ಲದ್ದರಿಂದ ಅವನು ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಬರುವವ. ಬಾಗಿಲಲ್ಲಿ ನಿಂತು ಬೊಗಳಿಸಿಕೊಂಡು, ಶುಭದಾ ಒಳಗಿನಿಂದ ಬಂದು "ಸುಮ್ಮನಿರೋ, ನಮ್ಮವರ ಇದ್ದಾರ" ಎಂದು ಸಾಕ್ಷಿ ಹೇಳಿದ ಮೇಲೆಯೇ ಒಳಗೆ ಪ್ರವೇಶ. ಅಷ್ಟರಲ್ಲಿ ಎಷ್ಟೋ ಭಾನುವಾರ ಅವಳ ಡ್ಯೂಟಿಯ ಹೊತ್ತಾಗಿರುತ್ತಿತ್ತು.

ಅವಧೂತನಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಖಾನಾಪುರದಲ್ಲಿ ಅವನು ಎರಡು ಖೋಲಿಯ ಮನೆ ಹಿಡಿದಿದ್ದ. ಒಬ್ಬನಿಗೆ ಒಂದು ಖೋಲಿ ಸಾಕಿತ್ತು. ಎರಡು ತಾಟು ಕೊಂಡಿದ್ದ. ಒಂದರ ಮೇಲೆ ಅಂಗಡಿಯ ಚೀಟಿ ಇನ್ನೂ ಹಾಗೇ ಇತ್ತು. ಹಿತ್ತಲಲ್ಲಿ ಹಚ್ಚಿದ ಮಲ್ಲಿಗೆ ಎರಡು ಬೇಸಿಗೆ ಹೂ ಬಿಟ್ಟು, ಮುಡಿಯುವವರಿಲ್ಲದೆ ಉದುರಿತ್ತು. ಶುಭದಾ ಒಂದು ಸಲ ಬಂದು ಆ ಮನೆಯಲ್ಲಿ ಕೂತು ಚಹಾ ಕುಡಿಯಲಿ ಎಂಬುದಷ್ಟೇ ಅವನ ಆಸೆ.

ಅದಕ್ಕೆ ಜಿಮ್ಮಿಯ ಅಡ್ಡಿ. ಖಾಕಿ ಬಟ್ಟೆ ಅದಕ್ಕೆ ಯಾವ ಜನ್ಮದ ವೈರಿಯೋ ತಿಳಿಯದು. ಪೋಸ್ಟಮನ್ ಪತ್ರಗಳನ್ನು ಕಂಪೌಂಡಿನ ಹೊರಗಿನಿಂದಲೇ ಎಸೆಯುತ್ತಿದ್ದ. ಒಮ್ಮೆ ಶುಭದಾ ಧೈರ್ಯ ಮಾಡಿ ಅದನ್ನು ಎತ್ತಿಕೊಂಡು ಖಾನಾಪುರದ ಬಸ್ಸು ಹತ್ತಿದ್ದಳು. ಮುಂದೆ ಖಾಕಿಯ ಡ್ರೈವರ್, ಹಿಂದೆ ಖಾಕಿಯ ಕಂಡಕ್ಟರ್. ಎರಡೂ ದಿಕ್ಕಿನಲ್ಲಿ ಯುದ್ಧ ಸಾರಿದ ಜಿಮ್ಮಿಯನ್ನು ಪೀರನವಾಡಿಯಲ್ಲಿ ಇಳಿಸಿದರು, ಅದರೊಂದಿಗೆ ಅವಳನ್ನೂ. ಬಿಟ್ಟು ಬರೋಣವೆಂದರೆ ಅವಳ ಪಾಳಿಯ ಹೊತ್ತನ್ನು ಹೇಗೋ ಸಹಿಸುವ ನಾಯಿ, ಒಂದು ರಾತ್ರಿಯೂ ಅವಳಿಲ್ಲದೆ ಮಲಗುವುದಿಲ್ಲ, ಓಣಿಯನ್ನೂ ಮಲಗಗೊಡುವುದಿಲ್ಲ.

ಜಿಮ್ಮಿಗೆ ಖಾಕಿಯ ರೂಢಿ ಮಾಡಿಸಬೇಕೆಂದು ಅವಧೂತ ಒಂದು ವಾರ ರಜೆ ಬರೆದುಕೊಟ್ಟ. ಕಾರ್ಖಾನೆಯ ವಾಚಮನ್ ಭರಮಪ್ಪನ ಬಳಿ ಅವನ ಖಾಕಿ ಕೋಟನ್ನು ಬೇಡಿದ. ಹಿತ್ತಾಳೆ ಗುಂಡಿಯ, ಅವಧೂತನಂಥವರು ಇಬ್ಬರು ಹಿಡಿಸುವ ಕೋಟು.

"ಒಯ್ರಿ," ಅಂದ ಭರಮಪ್ಪ. "ಈ ಕೋಟಿಗೆ ಕಳ್ಳರು ಅಂಜತಾರ. ನಾಯಿದು ನಾ ಹೇಳಾಂಗಿಲ್ಲ."

ಟಿಳಕವಾಡಿಯಲ್ಲಿ ಶಿಕ್ಷಣ ಪರ್ವ ಆರಂಭವಾಯಿತು. ಮೊದಲ ದಿನ ಜಿಮ್ಮಿ ಕೋಟಿನ ತೋಳು ಹಿಡಿದು ಜಗ್ಗಿತು. ಶಿಕ್ಷಕರು ಪಾಠವನ್ನು ಮಂಚದ ಮೇಲೆ ನಿಂತು ಮುಂದುವರಿಸಬೇಕಾಯಿತು. ಬಿಸ್ಕೀಟು ತೋರಿಸಿದರೆ ಮೂಸಿ ಬಿಟ್ಟಿತು. ಗದರಿದರೆ ಮರು ಗದರಿತು. ಶುಭದಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಇಬ್ಬರಲ್ಲಿ ಯಾರು ಮೊದಲು ಕಲಿಯುತ್ತಾರೋ ನೋಡಬೇಕು ಅಂದಳು. ಮರುದಿನ ಅವಧೂತ ಕೋಟಿನ ಕಿಸೆಯಲ್ಲಿ ಹಾಲಿನ ಸಿಹಿ ಕುಂದಾ ಕಟ್ಟಿಸಿಕೊಂಡು ತಂದ. ಆ ಕಿಸೆ ಮುಂದೆಂದೂ ಮೊದಲಿನಂತಾಗಲಿಲ್ಲ, ಜಿಮ್ಮಿಯೂ ಆಗಲಿಲ್ಲ. ಕುಂದಾದ ಮುಂದೆ ಜನ್ಮಾಂತರದ ವೈರ ನಿಲ್ಲಲಿಲ್ಲ. ವಾರ ಮುಗಿಯುವ ಹೊತ್ತಿಗೆ ಅದು ಖಾಕಿಯ ಮೊಣಕಾಲಿಗೆ ತಲೆಯಿಟ್ಟು ಕೂಡುತ್ತಿತ್ತು. ಪೋಸ್ಟಮನ್ನನನ್ನು ಕಂಡು ಸುಮ್ಮನೆ ಮಲಗಿಯೇ ಇತ್ತು. ಆತ ಇನ್ನಷ್ಟು ಹೆದರಿ ಪತ್ರವನ್ನು ಮತ್ತೂ ದೂರದಿಂದ ಎಸೆದ.

ಎದ್ದಾಗಿನಿಂದ ಮಲಗುವವರೆಗೆ ಅವಧೂತ ಕೋಟಿನಲ್ಲೇ ಇದ್ದ. ಅದರಿಂದ ಮುಂದೆ ಏನಾಗಬಹುದೆಂದು ಆಗ ಅವನಿಗೆ ಹೊಳೆಯಲಿಲ್ಲ.

ಆ ಭಾನುವಾರ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದರು. ಕಂಡಕ್ಟರ್ ಕೋಟನ್ನು ನೋಡಿ, ತಮ್ಮವನೇ ಎಂದು ತಿಳಿದು, ಯಾವ ಡಿಪೋ ಎಂದು ಕೇಳಿದ. ಹಂಚಿನ ಭಟ್ಟಿ ಎಂದ ಅವಧೂತ ಎರಡು ಟಿಕೀಟು ತೆಗೆದ. ನಾಯಿಗೆ ಬೇರೆ ಅರ್ಧ. ಪೀರನವಾಡಿ ದಾಟಿತು. ಜಿಮ್ಮಿ ಮುಚ್ಚಿದ ಬಾಯಿ ತೆರೆಯಲಿಲ್ಲ.

ಶುಭದಾ ಖಾನಾಪುರದ ಮನೆಯ ಎರಡೂ ಖೋಲಿ ನಿಧಾನವಾಗಿ ನೋಡಿದಳು. ತಾಟಿನ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದಳು. ಹಿತ್ತಲಿಗೆ ಹೋಗಿ ಮೊಗ್ಗು ಬಿಡಿಸತೊಡಗಿದಳು. ಅವಧೂತ ಕೋಟನ್ನು ಮಂಚದ ಮೇಲಿಟ್ಟು ಸ್ನಾನಕ್ಕೆ ಹೋದ. ಸಂಜೆ ಹೊಳೆದಂಡೆಗೆ ಹೋಗುವಾಗ ಉಡಲೆಂದು ಇಸ್ತ್ರಿ ಮಾಡಿಸಿದ ಧೋತರ, ಬಿಳಿ ಅಂಗಿ ಎರಡು ವರ್ಷದಿಂದ ಟ್ರಂಕಿನಲ್ಲಿದ್ದವು. ಅವನ್ನು ತೊಟ್ಟು ಹೊರಗೆ ಬಂದ.

ಮಂಚದ ಮೇಲೆ, ಕೋಟಿನ ಮೇಲೆ, ಜಿಮ್ಮಿ ಹಲ್ಲು ಕಿಸಿದು ನಿಂತಿತ್ತು. ಕುಂದಾ ಕೊಡುವ ಖಾಕಿಯವನು ಕಾಣೆಯಾಗಿದ್ದ. ಅವನ ಬದಲಿಗೆ ಯಾರೋ ಬಿಳಿಯಂಗಿಯವನು ಮನೆ ಹೊಕ್ಕಿದ್ದ.

"ಶುಭದಾ, ಇದು ನನ್ನ ಮನಿ ಅಂತ ಇದಕ್ಕ ಹೇಳು."

"ಅದಕ್ಕ ಮನಿ ಗೊತ್ತದ. ನೀವು ಯಾರು ಅಂತ ಗೊತ್ತಿಲ್ಲ. ಕೋಟು ಹಾಕ್ಕೊಳ್ರಿ."

"ಈ ಸೆಕಿಯೊಳಗ?"

"ಹಂಗಾದ್ರ ಹೊರಗ ಕಟ್ಟಿ ಮ್ಯಾಲೆ ಕೂಡ್ರಿ. ಚಹಾ ಅಲ್ಲೇ ತರ್ತೀನಿ."

ಸಾಕ್ಷಿ ಹೇಳಿದರೂ ಈ ಸಲ ನಡೆಯಲಿಲ್ಲ. ಅವಳೇ ನಾಯಿಯನ್ನು ಎತ್ತಿಹಿಡಿದು ಕೋಟನ್ನು ಅವನತ್ತ ಎಸೆದಳು. ಅವನು ಅಂಗಿ ಕಳಚಿ, ಬನಿಯನ್ನಿನ ಮೇಲೆ ಕೋಟು ಏರಿಸಿದ. ಜಿಮ್ಮಿ ಬಂದು ಮೊಣಕಾಲಿಗೆ ತಲೆಯಿಟ್ಟಿತು. ಅವನು ತಪ್ಪಿ ಒಂದು ಗುಂಡಿ ಬಿಚ್ಚಿದರೂ ತಲೆಯೆತ್ತಿ ನೋಡುತ್ತಿತ್ತು.

ಸಂಜೆ ಮಲಪ್ರಭೆಯ ದಂಡೆಗೆ ಅವನು ಧೋತರದ ಮೇಲೆ ಖಾಕಿ ಕೋಟು ತೊಟ್ಟೇ ಹೋದ. ಮೇ ತಿಂಗಳು, ನೀರು ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಬೆವರು ಅದಕ್ಕಿಂತ ಜೋರಾಗಿತ್ತು. ಗಂಟು ಹೊತ್ತ ಮುದುಕಿಯೊಬ್ಬಳು ನಿಂತು, "ಲೋಂಡಾದ್ದು ಹೋತೇನಪಾ ಕಂಡಕ್ಟರಾ?" ಎಂದು ಕೇಳಿದಳು.

"ಇನ್ನೂ ಬರೋದದ," ಅಂದ ಅವಧೂತ. ಕೋಟೇ ಹಾಗೆ ಹೇಳಿಸಿತು.

ಶುಭದಾ ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಈ ನಗೆಯನ್ನು ಅವನು ಬಹಳ ದಿನ ಕಂಡಿರಲಿಲ್ಲ. ಮುದುಕಿ ಇನ್ನೊಂದು ಬಸ್ಸಿನ ಸುದ್ದಿ ಕೇಳಿದ್ದರೂ ಅವನು ಹೇಳುತ್ತಿದ್ದ.

ಕಲ್ಲಿನ ಮೇಲೆ ಕೂತು ಅವಳು ದಶಮಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ಜಿಮ್ಮಿ ತನ್ನ ಪಾಲು ತಿಂದು, ಅವಧೂತನ ಪಾಲಿಗೂ ಬಾಯಿ ಹಾಕಿತು.

"ಇಲ್ಲಿ ಬಂದ ಮ್ಯಾಲೆ ಇದಕ್ಕ ಹಸಿವಿ ತಿರುಗಿ ಬಂತು ನೋಡು," ಅಂದ.

"ಅದು ಎಂದೂ ಊಟಾ ಬಿಟ್ಟಿಲ್ಲ."

"ದಿನಾ ಫೋನಿನ್ಯಾಗ ಹೇಳ್ತಿದ್ಯಲ್ಲಾ?"

ಶುಭದಾ ಹೊಳೆ ನೋಡುತ್ತ ಕೂತಳು. "ನಾ ಉಂಡಿಲ್ಲ ಅಂದ್ರ ಬಾಜು ಕೂತವರು ನಗ್ತಾರ್ರಿ. ನಾಯಿದು ಹೇಳಿದ್ರ ಯಾರೂ ನಗೂದಿಲ್ಲ."

ಅವನು ಅವಳ ಕೈ ಹಿಡಿಯಬೇಕೆಂದುಕೊಂಡ. ಕೋಟಿನ ತೋಳು ಅವನ ಕೈಗಿಂತ ಗೇಣುದ್ದ ಹೆಚ್ಚಿತ್ತು. ಕೈ ಹೊರಗೆ ಬರುವಷ್ಟರಲ್ಲಿ ಜಿಮ್ಮಿ ನಡುವೆ ಬಂದು ಕೂತಿತ್ತು. ಇಬ್ಬರೂ ನಾಯಿಯ ಬೆನ್ನು ಸವರುತ್ತ ಕತ್ತಲಾಗುವವರೆಗೆ ಕೂತರು.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಜಿಮ್ಮಿ ಬಸ್ಸು ಹತ್ತಲು ಒಪ್ಪಲಿಲ್ಲ. ಬೇರೆ ಖಾಕಿಗಳ ಮೇಲೆ ಅದಕ್ಕೀಗ ಸಿಟ್ಟಿರಲಿಲ್ಲ ಅಷ್ಟೇ. ಪ್ರೀತಿಯೆಲ್ಲ ಈ ಒಂದು ಕೋಟಿನ ಮೇಲೆ. ಶುಭದಾ ಎತ್ತಿಕೊಂಡು ಒಯ್ದರೆ ಜಿಗಿದು ಇಳಿದು ಕೋಟಿನ ಕಾಲಬುಡಕ್ಕೆ ಬಂದು ಕೂಡುತ್ತಿತ್ತು. ಡ್ರೈವರ್ ಹಾರ್ನು ಹೊಡೆದ.

"ಆ ಕೋಟರೆ ಕೊಟ್ಟು ಕಳಸ್ರಿ, ಇಲ್ಲಾಂದ್ರ ನಾಯಿ ಇಟ್ಕೊಳ್ರಿ," ಅಂದ ಕಂಡಕ್ಟರ್. "ನನಗ ಬೆಳಗಾವಿ ಮುಟ್ಟಬೇಕೈತಿ."

ಅವಧೂತ ಕೋಟು ಬಿಚ್ಚಿ ಕಿಟಕಿಯಲ್ಲಿ ಕೊಟ್ಟ. ಜಿಮ್ಮಿ ಬಾಗಿಲಿನಿಂದ ಏರಿ ಹೋಗಿ, ಶುಭದಾಳ ಮಡಿಲಲ್ಲಿ ಹಾಸಿದ ಕೋಟಿನ ಮೇಲೆ ಕೂತು, ಕೆಳಗೆ ಬನಿಯನ್ನಿನಲ್ಲಿ ನಿಂತ ಅಪರಿಚಿತನನ್ನು ನೋಡಿ ಬೊಗಳತೊಡಗಿತು. ಆ ಗದ್ದಲದ ಮೇಲೆ ಶುಭದಾ ಏನೋ ಹೇಳಿದಳು. ಅವನಿಗೆ ಕೇಳಿಸುವವರೆಗೆ ಮತ್ತೊಮ್ಮೆ ಹೇಳಿದಳು. ಬಸ್ಸು ಹೊರಟಿತು.

ಬನಿಯನ್ನಿನಲ್ಲಿ ಖಾನಾಪುರದ ಪೇಟೆಯನ್ನು ಉದ್ದಕ್ಕೂ ದಾಟಿ ಅವನು ಕಾರ್ಖಾನೆ ಮುಟ್ಟಿದಾಗ ಗೇಟಿನಲ್ಲಿ ಭರಮಪ್ಪ ನಿಂತಿದ್ದ.

"ಕೋಟು ಎಲ್ಲೈತ್ರಿ ಸಾಹೇಬ್ರ?"

"ಬೆಳಗಾವಿಗೆ ಹೋಗ್ಯದ. ಶನಿವಾರ ಬರ್ತದ."

ಶನಿವಾರ ಶುಭದಾ ತನ್ನ ಪಾಳಿ ಬದಲಿಸಿಕೊಂಡು, ಕೋಟು ಮುಟ್ಟಿಸಲು, ನಾಲ್ಕರ ಬಸ್ಸಿಗೆ ಖಾನಾಪುರಕ್ಕೆ ಬರುತ್ತಾಳೆ.