ಏಳು ಕಿಂಡಿಯ ಲ್ಯಾಪ್‌ಟಾಪ್

ಕೊಪ್ಪಳ ಜಿಲ್ಲೆಯಲ್ಲಿ ಹಾಡುಗಳಿವೆ ಎಂಬ ಸಂಗತಿಯು ಸರ್ಕಾರದ ಗಮನಕ್ಕೆ ಬಂದಿರುತ್ತದೆ. ಸದರಿ ಹಾಡುಗಳು ಹಾಡುವವರ ಬಾಯಲ್ಲಿಯೇ ಉಳಿದುಕೊಂಡಿದ್ದು, ಹಾಡುವವರು ವಯೋಸಹಜವಾಗಿ ತೀರಿಕೊಳ್ಳುತ್ತಿರುವುದರಿಂದ, ಹಾಡುಗಳನ್ನು ಅವರ ಬಾಯಿಂದ ಬಿಡಿಸಿ ಸರ್ಕಾರದ ವಶಕ್ಕೆ ಪಡೆಯುವ ಸಲುವಾಗಿ ‘ಜಿಲ್ಲಾ ಧ್ವನಿ ಸಂಪತ್ತು ಸಂರಕ್ಷಣಾ ಕೋಶ’ವನ್ನು ಸ್ಥಾಪಿಸಲಾಯಿತು. ನಾನು ಆ ಕೋಶದ ದ್ವಿತೀಯ ದರ್ಜೆ ಸಹಾಯಕ. ನಮ್ಮ ಕೋಶದ ಬಗ್ಗೆ ಊರಲ್ಲಿ ಕೆಲವರು ನಗಾಡುತ್ತಿದ್ದಾರೆಂದು ಕೇಳಿದ್ದೇನೆ. ಅವರು ಯಾರೂ ಒಂದು ದಿನವಾದರೂ ಕಡತ ಹೊತ್ತವರಲ್ಲ. ಅಂಥವರ ತಿಳಿವಳಿಕೆಗಾಗಿ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಕೋಶಕ್ಕೆ ಎಲ್ಲಕ್ಕಿಂತ ಮೊದಲು ಬೆಂಗಳೂರಿನಿಂದ ಒಂದು ಪೆಟ್ಟಿಗೆ ಬಂತು. ಅದರ ಹೆಸರು ಆಡಿಯೋ ಇಂಟರ್‌ಫೇಸ್. ಅದರ ಮುಂದುಗಡೆ ಮೈಕು ಸಿಕ್ಕಿಸಬೇಕು, ಹಿಂದುಗಡೆಯಿಂದ ಒಂದು ವೈರು ಲ್ಯಾಪ್‌ಟಾಪಿಗೆ ಹೋಗಬೇಕು. ಆಗ ಹಾಡು ಮೈಕಿನಿಂದ ದಾಟಿ ಲ್ಯಾಪ್‌ಟಾಪಿನೊಳಗೆ ಹೋಗಿ ಕೂರುತ್ತದೆ. ದೊಡ್ಡ ಸ್ಟುಡಿಯೋಗಳಲ್ಲಿ ಬಳಸುವ ಪೆಟ್ಟಿಗೆಯಂತೆ. ಮೇಲಿನವರು ಪೆಟ್ಟಿಗೆ ಮಾತ್ರ ಕಳಿಸಿ, ಅದಕ್ಕೆ ಹೊಂದುವ ಲ್ಯಾಪ್‌ಟಾಪನ್ನು ಸ್ಥಳೀಯವಾಗಿ ಆರಿಸಿ ಖರೀದಿಸಿಕೊಳ್ಳಲು ಆದೇಶಿಸಿದ್ದರು.

ಪೆಟ್ಟಿಗೆ ಬಂದ ಸುದ್ದಿ ಹೇಗೆ ತಲುಪಿತೋ, ಕುಷ್ಟಗಿ ತಾಲೂಕಿನ ತಾವರಗೇರಾದಿಂದ ಹುಲಗೆಮ್ಮ ಎಂಬ ವಯಸ್ಸಾದ ಹೆಣ್ಣುಮಗಳು ತಾವಾಗಿಯೇ ಬಸ್ಸು ಹತ್ತಿ ಬಂದರು. ಸರ್ಕಾರದವರು ಹಾಡು ಇಟ್ಟುಕೊಳ್ಳುತ್ತಾರೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರಂತೆ. ಅವರ ಬಳಿ ಇದ್ದದ್ದು ‘ಎಮ್ಮಿ ದಾಟಿಸಿದ ಹಾಡು’. ಮದುವೆಯಾಗಿ ಹೊಳೆಯ ಆಚೆಗೆ ಹೊರಟ ಹುಡುಗಿ ತವರಿನ ಎಮ್ಮೆಯನ್ನೂ ಹರಗೋಲಿನಲ್ಲಿ ಒಯ್ಯುತ್ತೇನೆಂದು ಸಾಣಾಪುರದ ಹತ್ತಿರ ದಂಡೆಯ ಮೇಲೆ ಹಟ ಹಿಡಿದು ಕೂರುತ್ತಾಳೆ. ಎಮ್ಮೆ ಹತ್ತುವುದಿಲ್ಲ. ಹುಡುಗಿ ಅಂಬಿಗನನ್ನು, ಅತ್ತೆಯನ್ನು, ಹೊಳೆಯನ್ನು, ಕೊನೆಗೆ ಎಮ್ಮೆಯನ್ನೇ ಬೇಡಿಕೊಳ್ಳುತ್ತಾಳೆ. ಎಮ್ಮೆ ಹತ್ತುವಷ್ಟರಲ್ಲಿ ಕೇಳುವವರು ಮೂರು ಸಲ ಚಹಾ ಕುಡಿದಿರಬೇಕು, ಅಷ್ಟು ಉದ್ದ. ಹುಲಗೆಮ್ಮನವರ ಜೊತೆಗೆ ದನಿಗೂಡಿಸುತ್ತಿದ್ದ ಅಕ್ಕ ಹೋದ ವರ್ಷ ತೀರಿಕೊಂಡಿದ್ದರು. ಈಗ ಅದನ್ನು ಪೂರ್ತಿ ಬಲ್ಲವರು ಇವರೊಬ್ಬರೇ.

“ನಾ ಹ್ವಾದ ಮ್ಯಾಲ ಆ ಎಮ್ಮಿ ಈಚಿ ದಂಡಿಗೇ ಉಳಿತೈತ್ರಿ ಸಾಹೇಬ್ರ,” ಎಂದರು. “ದಾಟ್ಸಾಕ ಯಾರೂ ಇಲ್ಲ.”

ಅವರ ಮೊಮ್ಮಗಳು ದೀಪಿಕಾ ಬಾಗಿಲ ಹೊರಗೆ ನಿಂತು ಸಾಮಾನ್ಯ ಜ್ಞಾನದ ಪುಸ್ತಕ ಓದುತ್ತಿದ್ದಳು. ಬಿ.ಎ. ಮುಗಿಸಿ, ಕೊಪ್ಪಳದಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಕೋಚಿಂಗ್ ಪಡೆಯುತ್ತಿರುವ ಹುಡುಗಿ. ನೀನೇ ಯಾಕೆ ಕಲಿಯಬಾರದು ಎಂದು ನಾನು ಕೇಳಿದಾಗ, ಅದು ಸಿಲೆಬಸ್‌ನಲ್ಲಿ ಇಲ್ಲ ಎಂದು ಪುಸ್ತಕದಿಂದ ಕಣ್ಣೆತ್ತದೆ ಹೇಳಿದಳು. ಉತ್ತರ ಸರಿಯಾಗಿಯೇ ಇತ್ತು.

ಕೋಶದ ಸಹಾಯಕ ನಿರ್ದೇಶಕರಾದ ಗೋವಿಂದರಾಜ ಸಾಹೇಬರು ಹುಲಗೆಮ್ಮನವರಿಗೆ ಧೈರ್ಯ ಹೇಳಿ, ಲ್ಯಾಪ್‌ಟಾಪ್ ಬಂದ ಕೂಡಲೇ ಕರೆಸುವುದಾಗಿ ಕಳಿಸಿಕೊಟ್ಟರು. ನಂತರ ಗಂಗಾವತಿಯಲ್ಲಿ ಮೈಕ್‌ಸೆಟ್ಟು, ಕಂಪ್ಯೂಟರು ಎರಡೂ ಮಾರುವ ಅಬ್ದುಲರೌಫ ಎಂಬ ವ್ಯಾಪಾರಿಯನ್ನು ಅಭಿಪ್ರಾಯಕ್ಕಾಗಿ ಕರೆಸಲಾಯಿತು. ಅವರು ಪೆಟ್ಟಿಗೆಯನ್ನು ತಿರುಗಿಸಿ, ವೈರು ಸಿಕ್ಕಿಸುವ ಹಿಂದಿನ ಕಿಂಡಿಯ ಪಕ್ಕದಲ್ಲಿದ್ದ ಸಣ್ಣ ಮಿಂಚಿನ ಗುರುತನ್ನು ತೋರಿಸಿದರು.

“ಕಿಂಡಿ ನೋಡಾಕ ಎಲ್ಲಾ ಒಂದ ನಮೂನಿ ಇರ್ತಾವ್ರಿ. ಫೋನ್ ಚಾರ್ಜ್ ಮಾಡೋದೂ ಹಿಂಗ, ಇದೂ ಹಿಂಗ. ಆದ್ರ ಈ ಪೆಟ್ಟಿಗಿಗೆ ಲ್ಯಾಪ್‌ಟಾಪಿನ್ಯಾಗ ಥಂಡರ್‌ಬೋಲ್ಟ್ ಕಿಂಡೀನ ಬೇಕ್ರಿ. ಬಾಜೂಕ ಈ ಮಿಂಚಿನ ಗುರುತ ಐತಿಲ್ಲೋ ನೋಡಿ ತಗೋರಿ. ಅಂಥಾ ಕಿಂಡಿ ಒಂದ ಇದ್ರ ಸಾಕು.”

ಈ ಅಭಿಪ್ರಾಯವು ಮೌಖಿಕವಾಗಿದ್ದುದರಿಂದಲೂ, ಒಂದು ಚಹಾದ ಹೊರತು ಬೇರೆ ಖರ್ಚಿಲ್ಲದೆ ದೊರೆತದ್ದರಿಂದಲೂ, ಅದರ ಮೌಲ್ಯದ ಬಗ್ಗೆ ಸಾಹೇಬರಿಗೆ ಅನುಮಾನ ಉಳಿಯಿತು. ಆದ್ದರಿಂದ ಎಲ್ಲ ತಾಲೂಕುಗಳ ಪ್ರತಿನಿಧಿಗಳನ್ನು ಕರೆದು ಆಯ್ಕೆ ಸಮಿತಿಯನ್ನು ರಚಿಸಲಾಯಿತು.

ಸಮಿತಿಯಲ್ಲಿ ತೊಡಕು ಎದ್ದದ್ದು ‘ಒಂದ ಇದ್ರ ಸಾಕು’ ಎಂಬಲ್ಲಿ. ಆ ಒಂದು ಕಿಂಡಿ ಯಾವ ತಾಲೂಕಿನದು? ಜಿಲ್ಲಾ ಕೇಂದ್ರ ತಮ್ಮದಾದ್ದರಿಂದ ತಮ್ಮದೇ ಎಂದು ಕೊಪ್ಪಳದವರು ತಿಳಿದುಕೊಂಡಿದ್ದರು. ಜಿಲ್ಲೆಗೆ ಅನ್ನ ಹಾಕುವವರು ತಾವು ಎಂದು ಗಂಗಾವತಿಯವರು ಜ್ಞಾಪಿಸಿದರು. ಹಾಡುವವರೇ ನಮ್ಮ ತಾಲೂಕಿನವರು ಎಂದು ಕುಷ್ಟಗಿಯವರು ಮೇಜು ಗುದ್ದಿದರು. ಯಲಬುರ್ಗಾದವರು ಚಹಾ ಮುಗಿಸಿ ಲೋಟ ಕೆಳಗಿಟ್ಟು, ತಮ್ಮ ತಾಲೂಕಿಗೆ ಮೊದಲಿನಿಂದಲೂ ಇದೇ ಗತಿ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಹಾಗಾದರೆ ನಾಲ್ಕು ಕಿಂಡಿ ಇರಲಿ ಎಂದು ಇನ್ನೇನು ತೀರ್ಮಾನವಾಗುವಷ್ಟರಲ್ಲಿ, ಈಗ ತಾಲೂಕುಗಳು ನಾಲ್ಕಲ್ಲ, ಏಳು ಎಂಬುದು ಯಾರಿಗೋ ನೆನಪಾಯಿತು. ಕುಕನೂರಿನವರು ಯಲಬುರ್ಗಾ ತಾಲೂಕನ್ನು ಒಡೆದು ತಮಗೆ ಕೊಟ್ಟ ಹಾಗೆ ಕಿಂಡಿಯನ್ನೂ ಒಡೆದು ಕೊಡಿ ಎಂದರು. ನಮ್ಮ ಕಿಂಡಿಯಲ್ಲಿ ಪಾಲು ಕೊಡುವುದಿಲ್ಲ ಎಂದು ಯಲಬುರ್ಗಾದವರು ಎದ್ದು ನಿಂತರು. ಕಾರಟಗಿ, ಕನಕಗಿರಿಯವರ ಮುಖ ನೋಡಿದರೆ ಬಂದ್ ಕರೆ ಕೊಡುವ ಲಕ್ಷಣ ಕಾಣುತ್ತಿತ್ತು.

ಕೊನೆಗೆ ಸರ್ವಾನುಮತದಿಂದ ಈ ಕೆಳಗಿನಂತೆ ಠರಾವಾಯಿತು:

‘ಲ್ಯಾಪ್‌ಟಾಪ್ ಏಳು ಕಿಂಡಿಗಳನ್ನು ಹೊಂದಿರತಕ್ಕದ್ದು. ಯಾವುದೇ ಕಿಂಡಿಯು ಮತ್ತೊಂದು ಕಿಂಡಿಗಿಂತ ಮೇಲೆಂದು ಭಾವಿಸತಕ್ಕದ್ದಲ್ಲ. ಒಂದೇ ಕಿಂಡಿಗೆ ಗುರುತು ಇರುವುದು ತಾರತಮ್ಯವಾಗುವುದರಿಂದ ಮಿಂಚಿನ ಗುರುತು ಕಡ್ಡಾಯವಲ್ಲ.’

ಏಳು ಕಿಂಡಿಯ ಲ್ಯಾಪ್‌ಟಾಪ್ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಹುಡುಕಿ ಹುಡುಕಿ ತಂದದ್ದು ಭಾರಿ ತೂಕದ್ದು, ತೊಡೆಯ ಮೇಲೆ ಇಟ್ಟುಕೊಂಡರೆ ಏಳಲಿಕ್ಕೆ ಇನ್ನೊಬ್ಬರು ಕೈ ಕೊಡಬೇಕು. ಕಿಂಡಿಗಳು ಮಾತ್ರ ಏಳೂ ಇದ್ದವು: ಇಯರ್‌ಫೋನಿನದು, ಟಿವಿಯದು, ಇಂಟರ್‌ನೆಟ್ಟಿನದು, ಚಾರ್ಜಿನದು, ಪೆನ್‌ಡ್ರೈವಿನವು ಎರಡು ಮತ್ತು ಫೋನಿನ ವೈರು ಹಿಡಿಸುವಂಥದ್ದು ಒಂದು. ಈ ಕೊನೆಯದಕ್ಕೆ ಪೆಟ್ಟಿಗೆಯ ವೈರು ಸಲೀಸಾಗಿ ಹೋಯಿತು. ಪೆಟ್ಟಿಗೆಯ ದೀಪ ಮಾತ್ರ ಹತ್ತಲಿಲ್ಲ. ಅಬ್ದುಲರೌಫ ಮತ್ತೆ ಬಂದು, ಬಗ್ಗಿ ನೋಡಿ, ಮಿಂಚಿನ ಗುರುತೇ ಇಲ್ಲವಲ್ಲ ಎಂದು ಹೇಳಿ ಹೋದರು.

ಸಾಹೇಬರು ಇಡೀ ಮಧ್ಯಾಹ್ನ ಇದನ್ನೇ ವಿಚಾರ ಮಾಡಿದರು. ವೈರು ಹಿಡಿಸುತ್ತದೆ, ಆಕಾರ ಸರಿಯಿದೆ, ತಜ್ಞರೇ ಹೇಳಿದ ಹಾಗೆ ಇಲ್ಲದಿರುವುದು ಗುರುತು ಒಂದೇ. ಇಲ್ಲದ್ದನ್ನು ಒದಗಿಸುವುದೇ ಆಡಳಿತ. ಬಸ್ ನಿಲ್ದಾಣದ ಹತ್ತಿರ ನಂಬರ್ ಪ್ಲೇಟು, ರೇಡಿಯಂ ಕೆಲಸ ಮಾಡುವ ಹನಮೇಶನನ್ನು ಕರೆಸಿ ಮಿಂಚಿನ ಗುರುತು ಅಂಟಿಸಲು ಹೇಳಲಾಯಿತು. ತಾರತಮ್ಯವಾಗಬಾರದೆಂದು ಏಳೂ ಕಿಂಡಿಗಳಿಗೆ ಅಂಟಿಸಿದ. ಕರೆಂಟು ಹೋದಾಗಲೂ ಹೊಳೆಯುತ್ತದೆ ಎಂದು ಅವನೇ ಬಾಗಿಲು ಹಾಕಿ ತೋರಿಸಿದ, ನಿಜಕ್ಕೂ ಹೊಳೆಯುತ್ತಿತ್ತು. ‘ಮಿಂಚಿನ ಗುರುತು ಇರುತ್ತದೆಂದು ಖುದ್ದು ಪರಿಶೀಲಿಸಿ ದೃಢೀಕರಿಸಿದೆ’ ಎಂದು ಸಾಹೇಬರು ಸಹಿ ಮಾಡಿದರು.

ಹುಲಗೆಮ್ಮನವರನ್ನು ಕರೆಸಲಾಯಿತು. ಅವರು ಹೊಸ ಇಲಕಲ್ಲ ಸೀರೆಯುಟ್ಟು ಬಂದು, ಮೈಕಿಗೆ ಕೈಮುಗಿದು, ಕಣ್ಣು ಮುಚ್ಚಿ ಹಾಡಿದರು. ಅಂಥ ದನಿಯನ್ನು ನಾನು ಕೇಳಿರಲಿಲ್ಲ. ಹೊಳೆಗೆ ಕೈಮುಗಿದು ಬೇಡಿಕೊಳ್ಳುವ ಜಾಗ ಬಂದಾಗ ನನಗೆ ನನ್ನ ತಂಗಿಯ ಮದುವೆ ನೆನಪಾಯಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಗೆರೆ ಮೊದಲಿಂದ ಕೊನೆಯತನಕ ನೆಟ್ಟಗೆ ಹೋಯಿತು. ದನಿ ಎಲ್ಲೂ ಅಲುಗಾಡಿಲ್ಲ ಎಂದು ಸಾಹೇಬರು ಮೆಚ್ಚಿದರು.

ಹಚ್ಚಿ ಕೇಳಿದರೆ ಏನೂ ಇರಲಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಪೆಟ್ಟಿಗೆಯನ್ನು ಬೆಂಗಳೂರಿನವರು ದೃಢೀಕರಿಸಿದ್ದಾರೆ. ಲ್ಯಾಪ್‌ಟಾಪನ್ನು ಸಾಹೇಬರು ದೃಢೀಕರಿಸಿದ್ದಾರೆ. ದೃಢೀಕರಣವಾಗದೆ ಉಳಿದವರು ಹುಲಗೆಮ್ಮ ಒಬ್ಬರೇ. ‘ತಮ್ಮ ಧ್ವನಿಯು ಲ್ಯಾಪ್‌ಟಾಪನ್ನು ತಲುಪದಿರುವ ಬಗ್ಗೆ ಲಿಖಿತ ವಿವರಣೆ ಸಲ್ಲಿಸತಕ್ಕದ್ದು’ ಎಂದು ನೋಟೀಸು ಹೋಯಿತು. ಟೈಪು ಮಾಡಿದವನು ನಾನೇ; ಮನಸ್ಸಿಗೆ ಸರಿಬರಲಿಲ್ಲ, ಆದರೆ ನೋಟೀಸಿನಲ್ಲಿ ಒಂದೂ ತಪ್ಪಿರಲಿಲ್ಲ.

ಆ ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹುಲಗೆಮ್ಮ ಬಂದರು. ಮುಖ ಬಾಡಿತ್ತು.

“ನನ್ನ ದನಿ ಓಣಿ ಆ ತುದಿ ತನಕ ಕೇಳ್ತೈತ್ರಿ,” ಎಂದರು. “ಮಾರ್ ದೂರದಾಗಿನ ಈ ಡಬ್ಬಿ ಮುಟ್ಲಿಲ್ಲಂದ್ರ ನಾ ಏನ್ ಮಾಡ್ಲಿ?”

ಇದನ್ನು ಬರೆದುಕೊಂಡು, ‘ವಿವರಣೆ ತೃಪ್ತಿಕರ, ಗಾಯಕಿಗೆ ಧ್ವನಿ ಇರುತ್ತದೆ’ ಎಂದು ದಾಖಲಿಸಲಾಯಿತು. ಹೀಗೆ ಪೆಟ್ಟಿಗೆ, ಲ್ಯಾಪ್‌ಟಾಪ್, ಗಾಯಕಿ ಮೂರೂ ಸರಿಯಿವೆ ಎಂದಾದ ಮೇಲೆ, ಹಾಡು ದಾಖಲಾಗಿಲ್ಲ ಎನ್ನಲು ಕಡತದಲ್ಲಿ ಯಾವ ಆಧಾರವೂ ಉಳಿಯಲಿಲ್ಲ. ಹಾಡು ಸಂರಕ್ಷಿಸಲ್ಪಟ್ಟಿದೆ ಎಂದು ಬೆಂಗಳೂರಿಗೆ ವರದಿ ಹೋಯಿತು. ಅದನ್ನು ಕೇಳಲು ಅಲ್ಲಿಂದ ಹಿರಿಯ ಅಧಿಕಾರಿಯೊಬ್ಬರು ಹೊರಟೇಬಿಟ್ಟರು.

ಅಂದು ಎಲ್ಲ ತಾಲೂಕುಗಳ ಪ್ರತಿನಿಧಿಗಳೂ ಸೇರಿದ್ದರು. ಹುಲಗೆಮ್ಮನವರನ್ನು ಸನ್ಮಾನಕ್ಕೆಂದು ಲ್ಯಾಪ್‌ಟಾಪಿನ ಹಿಂದೆ ಕುರ್ಚಿ ಹಾಕಿ ಕೂರಿಸಲಾಗಿತ್ತು. ಸಾಹೇಬರು ಬಟನ್ ಒತ್ತಿದರು. ಗೆರೆ ನೆಟ್ಟಗೆ ಹೊರಟಿತು. ಅಧಿಕಾರಿಗಳು ಕಣ್ಣು ಮುಚ್ಚಿದರು. ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಸಾಹೇಬರ ಹಣೆಯಲ್ಲಿ ಬೆವರು ಇಳಿಯತೊಡಗಿತು. ಯಲಬುರ್ಗಾದವರು ತಮ್ಮ ಕಿಂಡಿಯ ಕಡೆ ಅನುಮಾನದಿಂದ ನೋಡಿದರು.

ಹುಲಗೆಮ್ಮನವರಿಗೆ ತಡೆಯಲಾಗಲಿಲ್ಲ. ಅಷ್ಟು ಜನ ಕಾಯುತ್ತ ಕುಳಿತಿರುವಾಗ ಹುಡುಗಿಯನ್ನೂ ಎಮ್ಮೆಯನ್ನೂ ದಂಡೆಯ ಮೇಲೆ ಸುಮ್ಮನೆ ನಿಲ್ಲಿಸುವುದು ಹೇಗೆ? ಕೂತಲ್ಲಿಂದಲೇ ಹಾಡು ಎತ್ತಿಕೊಂಡರು.

ಅಧಿಕಾರಿಗಳು ಕಣ್ಣು ತೆರೆದದ್ದು ಎಮ್ಮೆ ಆಚೆಗೆ ಇಳಿದ ಮೇಲೆ.

“ಎಷ್ಟು ಸ್ಪಷ್ಟವಾಗಿದೆ,” ಎಂದರು. “ಎದುರಿಗೇ ಕೂತು ಹಾಡಿದ ಹಾಗಿದೆ. ಯಾವ ಕನೆಕ್ಷನ್ ಇದು?”

“ಥಂಡರ್‌ಬೋಲ್ಟ್ ರೀ ಸರ್,” ಎಂದರು ಸಾಹೇಬರು. “ಏಳೂ ಅದಽ.”

ಇಷ್ಟಾದ ಮೇಲೆ ವಾಸ್ತವ ಸ್ಥಿತಿಯನ್ನು ನಿಯಮಕ್ಕೆ ಒಳಪಡಿಸುವುದು ಅಗತ್ಯವಾಯಿತು. ದಾಖಲಾದ ಹಾಡನ್ನು ಕೇಳಬೇಕಾದರೆ ಹುಲಗೆಮ್ಮ ಪಕ್ಕದಲ್ಲಿ ಇರಬೇಕು. ಅಂದರೆ ಅವರು ಸಲಕರಣೆಯ ಭಾಗ. ಸ್ಟಾಕ್ ರಿಜಿಸ್ಟರಿನಲ್ಲಿ ಪೆಟ್ಟಿಗೆ, ಲ್ಯಾಪ್‌ಟಾಪ್, ವೈರು ಇವುಗಳ ಕೆಳಗೆ ‘ಹುಲಗೆಮ್ಮ, ಸಂಪರ್ಕ ಸಾಧನ, ಒಂದು’ ಎಂದು ಬರೆಯಲಾಯಿತು. ಯಾರಾದರೂ ಹಾಡು ಕೇಳಲು ಅರ್ಜಿ ಹಾಕಿದರೆ ಅವರಿಗೆ ಫೋನು ಹೋಗುತ್ತದೆ, ಅವರು ಬಸ್ಸು ಹತ್ತಿ ಬರುತ್ತಾರೆ, ನಾನು ಬಟನ್ ಒತ್ತುತ್ತೇನೆ, ಅವರು ಹಾಡುತ್ತಾರೆ. ಕುಕನೂರಿನ ಕಾಲೇಜು ಮಕ್ಕಳು ಬಂದು ಕೇಳಿ, ಇಂಥ ಸೌಂಡು ಎಲ್ಲೂ ಇಲ್ಲ ಎಂದು ಬರೆದು ಹೋಗಿದ್ದಾರೆ.

ಆದರೆ ಹುಲಗೆಮ್ಮನವರಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಒಂದು ದಿನ ಹಾಡು ಮುಗಿಸಿ ನೀರು ಕುಡಿಯುತ್ತ, ಲ್ಯಾಪ್‌ಟಾಪಿನ ಕಡೆಗೆ ಕೈಮಾಡಿ ನನ್ನನ್ನು ಕೇಳಿದರು: “ನಾ ಬರದ ದಿನ ಇದು ತಾನಽ ಹಾಡ್ತೈತೇನಪಾ?”

ನಾನು ಸುಳ್ಳು ಹೇಳುವವನಲ್ಲ. ಹಾಗೆ ತಾನೇ ಹಾಡಲು ಅದಕ್ಕೆ ಯಾವ ಆದೇಶವೂ ಬಂದಿಲ್ಲ ಎಂದೆ.

ಆ ಪ್ರಶ್ನೆಗೆ ಉತ್ತರ ಆಡಿಟ್‌ನವರಿಂದ ಬಂತು. ರಿಜಿಸ್ಟರು ನೋಡಿದ ಅವರು ಆಕ್ಷೇಪಣೆ ಬರೆದರು: ‘ಸಂಪರ್ಕ ಸಾಧನವು ಹಳೆಯದಾಗಿದ್ದು, ಕೆಟ್ಟಲ್ಲಿ ಉಪಯೋಗಿಸಲು ಅದೇ ತಯಾರಿಕೆಯ ಬದಲಿ ಸಾಧನವನ್ನು ಇಟ್ಟುಕೊಂಡಿರುವುದಿಲ್ಲ. ಕೂಡಲೇ ಹೊಂದತಕ್ಕದ್ದು.’ ಅದೇ ತಯಾರಿಕೆ ಎಂಬಲ್ಲಿ ಸಾಹೇಬರು ಅಡಿಗೆರೆ ಎಳೆದು, ಬಾಗಿಲ ಕಡೆ ನೋಡಿದರು. ಅಜ್ಜಿಯನ್ನು ಬಸ್ಸಿಗೆ ಹತ್ತಿಸಲು ಬಂದ ದೀಪಿಕಾ ಎಂದಿನಂತೆ ನಿಂತು ಓದುತ್ತಿದ್ದಳು.

ಒಳಗೆ ಕರೆದು ವಿಷಯ ತಿಳಿಸಲಾಯಿತು. ಸಂಬಳ ಇಲ್ಲವೆಂದೂ, ಹಾಡು ಮೊದಲಿಂದ ಕೊನೆಯತನಕ ಬರಲೇಬೇಕೆಂದೂ ಸಾಹೇಬರು ಸ್ಪಷ್ಟಪಡಿಸಿದರು. ಹುಡುಗಿ ಪುಸ್ತಕ ಮುಚ್ಚಿದಳು.

“ನನ್ನ ಹೆಸರು ಸರ್ಕಾರಿ ರಿಜಿಸ್ಟರ್‌ನಾಗ ಬರ್ತೈತೇನ್ರಿ?”

“ಬರ್ತೈತವಾ.”

“ಮುಂದ ಕಾಯಂ ಆಗ್ತೈತೇನ್ರಿ?”

“ಸ್ಟಾಕಿನ್ಯಾಗ ಬಂದದ್ದು ಸುಲಭಕ್ಕ ಹೊರಗ ಹೋಗಂಗಿಲ್ಲವಾ,” ಎಂದರು ಸಾಹೇಬರು. ಇದು ನಿಜ. ಮುರಿದ ಎರಡು ಕುರ್ಚಿಗಳನ್ನು ಸ್ಟಾಕಿನಿಂದ ತೆಗೆಸಲು ನಾನು ನೌಕರಿಗೆ ಸೇರಿದಾಗಿನಿಂದ ಬರೆಯುತ್ತಿದ್ದೇನೆ.

ದೀಪಿಕಾ ಅಂದೇ ಅಜ್ಜಿಯ ಪಕ್ಕದ ಬೆಂಚಿನಲ್ಲಿ ಕುಳಿತಳು. ಸುದ್ದಿ ಹೊರಗೆ ಬಿದ್ದ ವಾರದಲ್ಲಿಯೇ ಯಲಬುರ್ಗಾದಿಂದ ಕಾಗದ ಬಂತು: ಕುಷ್ಟಗಿ ತಾಲೂಕಿಗೆ ಮಾತ್ರ ಬದಲಿ ಸಾಧನ ಕೊಟ್ಟಿರುವುದು ಯಾವ ನ್ಯಾಯ? ನಂತರ ಉಳಿದವರದೂ ಬಂತು. ಠರಾವು ಮೊದಲೇ ಇತ್ತು, ಯಾವುದೂ ಇನ್ನೊಂದಕ್ಕಿಂತ ಮೇಲಲ್ಲ. ಹೀಗೆ ಏಳು ತಾಲೂಕಿನಿಂದ ಏಳು ಹುಡುಗಿಯರು, ಎಲ್ಲರೂ ಕೋಚಿಂಗಿನವರೇ, ಕಾಯಂ ಆಗುವ ನಂಬಿಕೆಯಿಂದ ನಮ್ಮ ಕಚೇರಿಯ ಪಡಸಾಲೆಯಲ್ಲಿ ಕುಳಿತು ಎಮ್ಮೆಯನ್ನು ಹರಗೋಲಿಗೆ ಹತ್ತಿಸುವುದನ್ನು ಕಲಿಯತೊಡಗಿದರು. ತಪ್ಪಿದವರಿಗೆ ಹುಲಗೆಮ್ಮ ಬೆಂಚು ಬಡಿದು ಬೈಯುತ್ತಾರೆ. ಆ ಬೈಗುಳಕ್ಕೆ ಸಾಹೇಬರೂ ಕಾಗದ ಬಿಟ್ಟು ನೆಟ್ಟಗೆ ಕೂರುತ್ತಾರೆ.

ಮಾರ್ಚಿ ತಿಂಗಳಲ್ಲಿ ವಾರ್ಷಿಕ ತಪಾಸಣೆಗೆಂದು ನಾನು ರಿಜಿಸ್ಟರು ಹಿಡಿದು ಹೊರಟೆ. ಪೆಟ್ಟಿಗೆ ಇತ್ತು, ದೀಪ ಹತ್ತಿರಲಿಲ್ಲ. ಲ್ಯಾಪ್‌ಟಾಪ್ ಇತ್ತು, ಎರಡು ಮಿಂಚು ಕಿತ್ತು ಬಂದಿದ್ದವು, ಹನಮೇಶನಿಗೆ ಹೇಳಿ ಕಳಿಸಿದೆ. ಪಡಸಾಲೆಗೆ ಬಂದರೆ ಏಳೂ ಹುಡುಗಿಯರು ಒಟ್ಟಿಗೆ ಹಾಡುತ್ತಿದ್ದರು, ದೀಪಿಕಾ ಮುಂದೆ. ಹುಲಗೆಮ್ಮ ಬೆಂಚು ಬಡಿಯುತ್ತಿರಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೇಳುತ್ತಿದ್ದರು. ಹಾಡು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ದಾಟ್ತು ನೋಡಪಾ,” ಎಂದರು. “ನಿಮ್ಮ ಡಬ್ಬಿ ಭಾಳ ಛಲೋ ಐತಿ.”

ನಾನು ಲೇಖನಿ ತೆಗೆದು ಬರೆದುಕೊಂಡೆ: ‘ಸಂಪರ್ಕ ಸಾಧನ, ಮೂಲ: ಒಂದು. ಬದಲಿ: ಏಳು. ಮುಟ್ಟಿ ನೋಡುವ ಅಗತ್ಯ ಕಂಡುಬರಲಿಲ್ಲ. ಎಲ್ಲವೂ ಸುಸ್ಥಿತಿಯಲ್ಲಿವೆ.’