ನಮ್ಮ ಪಡಸಾಲೆಯ ನೌಕಾಪಡೆ

ಸಮುದ್ರವನ್ನೇ ಕಾಣದವರು ಹಡಗು ನಡೆಸಿದರೆ ಏನೇನು ಆಗಬೇಕೋ ಅದೆಲ್ಲ ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಭಾನುವಾರಕ್ಕೊಂದರಂತೆ ಆಗುತ್ತಲೇ ಇರುತ್ತದೆ.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಮೇಷ್ಟ್ರು ಒಂದು ಯುದ್ಧದಾಟ ತಂದಿದ್ದಾರೆ. ಮೇಜಿನ ತುಂಬ ಸಮುದ್ರದ ನಕ್ಷೆ, ರಟ್ಟಿನ ಹಡಗು, ಸೈನ್ಯದ ತುಕಡಿಗಳೆಂದು ಬಣ್ಣದ ಬಿಲ್ಲೆ, ಸೇನಾಪತಿಗೆ ಬೇರೆಯೇ ಒಂದು. ಸೈನ್ಯವನ್ನು ಹಡಗಿನಲ್ಲಿ ಸಾಗಿಸಿ ಎದುರಾಳಿಯ ದ್ವೀಪ ಹಿಡಿಯಬೇಕು. ಮೇಷ್ಟ್ರು ತೀರ್ಪುಗಾರರು, ಆಡುವವರು ನಾನು ಮತ್ತು ಔಷಧಿ ಅಂಗಡಿಯ ಸಾಹುಕಾರರು. ಶಾಲೆಗೆ ಹೋಗದೆ ಬಸ್ಸಿನ ಬೋರ್ಡು ನೋಡಿ ಅಕ್ಷರ ಕಲಿತವಳು ನಾನು. ಮೇಷ್ಟ್ರು ಕನ್ನಡದಲ್ಲಿ ಬರೆದುಕೊಟ್ಟ ನಿಯಮಗಳನ್ನು ನಾಲ್ಕು ಸಲ ಓದಿದೆ. ನಾನು ಆಡಬಲ್ಲೆನೆಂದು ಸಾಹುಕಾರರಿಗೆ ಮಾತ್ರ ನಂಬಿಕೆ ಬರಲಿಲ್ಲ.

"ಸತತ ಮೂರು ಆಟ ಸೋತವರು ಕುರ್ಚಿ ಬಿಡಬೇಕ್ರಿ. ನಮ್ಮ ಭಾವಮೈದ ಆಡಾಕ ಕಾಯಾಕತ್ಯಾನ."

ನನ್ನ ಮನೆ, ನನ್ನ ಕುರ್ಚಿ! ಆದರೂ ಹಟಕ್ಕೆ ಬಿದ್ದು "ಆತು" ಅಂದುಬಿಟ್ಟೆ.

ಒಂದು: ದಿಬ್ಬಣ

ಮೊದಲ ಆಟದಲ್ಲಿ ಎರಡು ಹಡಗು ತುಂಬ ಸೈನ್ಯ ಕಳಿಸಿದೆ. ಮೇಷ್ಟ್ರು ನಕ್ಷೆಯನ್ನೆಲ್ಲ ಹುಡುಕಿದರು.

"ಅಕ್ಕಾರ, ಇವರಿಗೆ ಊಟದ ಹಡಗು ಎಲ್ಲೈತ್ರಿ?"

"ಯಾಕ್ರಿ? ಇಷ್ಟು ಮಂದಿ ಮನಿ ಬಾಗಿಲಿಗೆ ಹೋದ್ರ ಅವರು ಎಲಿ ಹಾಕೂದಿಲ್ಲೇನು?"

"ಅವರು ಬೀಗರಲ್ರಿ, ವೈರಿಗಳು!"

ನನ್ನ ಸೈನ್ಯ ದಡ ಮುಟ್ಟುವ ಮೊದಲೇ ಹಸಿದು ಶರಣಾಯಿತು.

ಎರಡು: ಅಡುಗೆಯವರು

ಎರಡನೇ ಆಟಕ್ಕೆ ಬುದ್ಧಿ ಕಲಿತಿದ್ದೆ. ಮದುವೆಗಾದರೆ ಅಡುಗೆಯವರು ಒಂದು ದಿನ ಮುಂಚೆ ಹೋಗಬೇಕಲ್ಲ? ಹಾಗೆಯೇ ಊಟದ ಹಡಗುಗಳನ್ನು ಮುಂದೆ ಕಳಿಸಿ, ಸೈನ್ಯವನ್ನೂ ಕಾವಲಿನ ಹಡಗುಗಳನ್ನೂ ಹಿಂದೆ ಇಟ್ಟುಕೊಂಡೆ. ಊಟ ಎದುರಾಳಿಯ ಬಂದರಿಗೆ ನೆಟ್ಟಗೆ ಹೋಗಿ ಮುಟ್ಟಿತು. ಸಾಹುಕಾರರು ಅಷ್ಟೂ ಹಡಗು ಎತ್ತಿಕೊಂಡು, ತಮ್ಮ ಸೈನ್ಯಕ್ಕೆ ಹಂಚಿ, ಮೀಸೆ ಒರೆಸಿಕೊಂಡರು.

"ಅಡಗಿ ಚಲೋ ಇತ್ರಿ ಅಕ್ಕಾರ. ಉಪ್ಪಿನಕಾಯಿ ಒಂದು ಮರ್ತೀರಿ."

ಮೂರು: ಇನ್ನೊಬ್ಬರು

ಮೂರನೆಯ ಭಾನುವಾರ ಭಾವಮೈದ ಬಂದು ನನ್ನ ಕುರ್ಚಿಯ ಹಿಂದೆಯೇ ನಿಂತ. ಸಾಹುಕಾರರು ತಮ್ಮ ಹಡಗುಗಳನ್ನೆಲ್ಲ ತಂದು ನನ್ನ ಬಂದರಿನ ಬಾಯಿಗೆ ನಿಲ್ಲಿಸಿದರು. ನಾನು ಹೊರಬಂದ ಕೂಡಲೇ ಮುಳುಗಿಸುವ ಲೆಕ್ಕಾಚಾರ. ನನ್ನ ಹಡಗಿಗೆ ಹನ್ನೆರಡು ತುಕಡಿ ಹಿಡಿಸುತ್ತವೆ, ಹತ್ತಿದ್ದು ಹನ್ನೊಂದು. ಇನ್ನೊಂದು ಬರಬೇಕಾದರೆ ದಾಳದಲ್ಲಿ ಆರು ಬೀಳಬೇಕು. ಬೀಳಲೊಲ್ಲದು.

"ಹೊರಡ್ರಿ ಅಕ್ಕಾರ," ಎಂದರು ಸಾಹುಕಾರರು.

ನಾನು ಕೊಟ್ಟೂರು–ಕೂಡ್ಲಿಗಿ ನಡುವೆ ಟೆಂಪೊ ಓಡಿಸಿಯೇ ಈ ಮನೆ ಕಟ್ಟಿದವಳು. ಸೀಟು ಖಾಲಿ ಇಟ್ಟುಕೊಂಡು ಒಂದು ದಿನವೂ ಸ್ಟ್ಯಾಂಡ್ ಬಿಟ್ಟವಳಲ್ಲ.

"ಇನ್ನೊಬ್ಬರು ಬರ್ಲಿ ತಡೀರಿ."

ದಾಳ ಹಾಕಿದೆ. ಎರಡು. ಮತ್ತೆ ಹಾಕಿದೆ. ಮೂರು.

"ಹನ್ನೊಂದು ಸಾಕ್ರಿ! ಯಾವಾಗ ಹೊರಡ್ತೀರಿ?"

"ಹೊರಟೇಬಿಟ್ವಿ. ಒಬ್ಬರು ಬಂದ್ರ ಹೊರಡೂದ."

ಬಂದರಿನೊಳಗಿನ ಹಡಗಿಗೆ ಖರ್ಚಿಲ್ಲ. ನಡುನೀರಿನಲ್ಲಿ ನಿಂತದ್ದಕ್ಕೆ ಮಾತ್ರ ಪ್ರತಿ ಸರದಿಗೂ ಎಣ್ಣೆ, ಊಟ ಎರಡೂ ಬೇಕು. ಸಾಹುಕಾರರ ಎಣ್ಣೆ ಮುಗಿಯಿತು, ಊಟ ಮುಗಿಯಿತು, ತಾಳ್ಮೆ ಮೊದಲೇ ಮುಗಿದಿತ್ತು. ಮೇಷ್ಟ್ರು ನಿಯಮ ತೆಗೆದು ಓದಿದರು: ಅಷ್ಟೂ ಹಡಗು ಶರಣು, ಸೇನಾಪತಿ ಸೆರೆ. ಭಾವಮೈದ ಚಪ್ಪಲಿ ಮೆಟ್ಟಿಕೊಂಡ.

ಸಾಹುಕಾರರು ತಮ್ಮ ಸೇನಾಪತಿಯ ಬಿಲ್ಲೆಯನ್ನು ಮುಖ ಸಿಂಡರಿಸಿಕೊಂಡು ನನ್ನ ಮುಂದಿಟ್ಟರು. ನಾನು ಅದನ್ನೆತ್ತಿ ನನ್ನ ಹಡಗಿನ ಖಾಲಿ ಜಾಗದಲ್ಲಿ ಕೂರಿಸಿದೆ.

"ನೋಡ್ರಿ, ಹನ್ನೆರಡಾತು. ಈಗ ಹೊರಡೂಣು!"